ಹೋದವರ ಕ್ಯಾಮೆರಾ

ಶಿಕಾರಿಪುರ
19 ನವೆಂಬರ್ 2025, ಬುಧವಾರ

ರೀ,

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಮೇಲೆ ಏನೆಂದು ಬರೆಯಬೇಕೋ ತಿಳಿಯಲಿಲ್ಲ. ‘ಪತಿದೇವರಿಗೆ’ ಎಂದರೆ ನೀವು ನಗುತ್ತೀರಿ. ನಿಮ್ಮ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ. ಕೈಯಾರೆ ಬರೆದದ್ದು ಒಂದೇ ಸಲ, ಅದೂ ಎಂಥ ಕೆಲಸಕ್ಕೆ ಎಂದು ಮುಂದೆ ಹೇಳುತ್ತೇನೆ. ಅದಕ್ಕೇ ‘ರೀ’ ಸಾಕು ಎನ್ನಿಸಿತು. ಫೋನ್ ಮಾಡಬಹುದಿತ್ತು. ಆದರೆ ನೀವು ‘ಹಲೋ’ ಅಂದ ಕೂಡಲೇ ನಾನು ಜಗಳಕ್ಕೆ ನಿಲ್ಲುತ್ತೇನೆ, ನನ್ನ ಬಾಯಿ ನಿಮಗೆ ಗೊತ್ತಲ್ಲ.

ನಿಮ್ಮ ಕ್ಯಾಮೆರಾಗಳನ್ನು ಕೊಟ್ಟುಬಿಟ್ಟೆ. ನಿಮ್ಮನ್ನು ಒಂದು ಮಾತು ಕೇಳಲಿಲ್ಲ. ಅದು ನಿಮಗೆ ಆಗಲೇ ಗೊತ್ತು, ಅದಕ್ಕಿಂತ ಕೆಟ್ಟದ್ದೂ ಗೊತ್ತು ಎಂದು ಇವತ್ತು ಮಧ್ಯಾಹ್ನ ನನಗೆ ಗೊತ್ತಾಯಿತು. ಊಟಕ್ಕೆಂದು ತಟ್ಟೆಗೆ ಹಾಕಿಕೊಂಡ ಅನ್ನ ಹಾಗೇ ಮುಚ್ಚಿಟ್ಟಿದ್ದೇನೆ.

ಆಯುಧಪೂಜೆಗೆಂದು ಸ್ಟುಡಿಯೋದ ಗಾಜಿನ ಕಪಾಟು ತೆಗೆದಿದ್ದೆ. ನಿಮ್ಮ ಯಾಶಿಕಾ ಕ್ಯಾಮೆರಾದ ಲೆನ್ಸಿಗೆ ಬೂಷ್ಟು ಹಿಡಿಯಲು ಶುರುವಾಗಿತ್ತು. ನಿಕಾನಿನ ಲೆನ್ಸ್ ಚೆನ್ನಾಗಿತ್ತು. ಒರೆಸಿ, ವಿಭೂತಿ ಹಚ್ಚಿ, ಹೂವಿಟ್ಟೆ. ಹೂವಿಟ್ಟ ಮೇಲೆ ತುಂಬಾ ಬೇಜಾರಾಯಿತು. ಯಾರೂ ಮುಟ್ಟದ ಸಾಮಾನಿಗೆ ಎಂಥ ಪೂಜೆ? ಅದೇ ವಾರ ಫೋಟೊಗ್ರಾಫರ್ ಸಂಘದ ಗ್ರೂಪಿನಲ್ಲಿ ಒಂದು ಮೆಸೇಜ್ ಬಂದಿತ್ತು. ಸೊರಬದ ಒಂದು ಕಾಲೇಜಿನಲ್ಲಿ ಫೋಟೊಗ್ರಫಿ ಕಲಿಯುವ ಮಕ್ಕಳಿಗೆ ಹಳೆಯ ರೀಲ್ ಕ್ಯಾಮೆರಾ ಬೇಕಂತೆ, ಸುಮ್ಮನೆ ಇಟ್ಟುಕೊಂಡವರು ದಾನ ಕೊಡಿ ಎಂದು. ಕೆಳಗಿದ್ದ ನಂಬರಿಗೆ ಫೋನ್ ಮಾಡಿದೆ. ತೀರ್ಥೇಶ್ ಎನ್ನುವ ಮೇಷ್ಟ್ರು ಎತ್ತಿದರು. ಯಾರ ಕ್ಯಾಮೆರಾ ಮೇಡಂ ಎಂದು ಕೇಳಿದರು.

‘ನಮ್ಮನೇರ್ದು ಸರ್. ಅವ್ರು ಹೋಗಿ ಮೂರು ವರ್ಷ ಆತು’ ಎಂದೆ.

ಮೇಷ್ಟ್ರ ದನಿ ತಗ್ಗಿತು. ‘ಛೆ, ಗೊತ್ತಿರ್ಲಿಲ್ಲ ಮೇಡಂ. ಅವರ ಹೆಸ್ರಲ್ಲೇ ಒಂದು ಸಣ್ಣ ಕಾರ್ಯಕ್ರಮ ಮಾಡಣ’ ಎಂದರು. ಆಗ ನನಗೆ ಹೊಳೆಯಿತು, ನನ್ನ ‘ಹೋಗಿ’ ಅವರ ಕಿವಿಯಲ್ಲಿ ಏನಾಗಿದೆ ಎಂದು. ‘ಅಯ್ಯೋ ಸರ್, ಸತ್ತಿಲ್ಲ, ಆನವಟ್ಟೀಲಿ ಅಕ್ಕನ ಮನೇಲಿದಾರೆ’ ಎನ್ನಲು ಎಷ್ಟು ಹೊತ್ತು ಬೇಕು? ನಾನು ಎನ್ನಲಿಲ್ಲ. ‘ಆಗ್ಲಿ ಸರ್’ ಎಂದೆ.

ಯಾಕೆ ಎಂದು ಕೇಳುತ್ತೀರಿ. ಈ ಮೂರು ವರ್ಷದಲ್ಲಿ ಅಂಗಡಿಗೆ ಬಂದವರೆಲ್ಲ ‘ನಿಮ್ಮನೇರು ಕಾಣಲ್ವಲ್ಲ?’ ಎಂದು ಕೇಳಿದ್ದಾರೆ. ಅವರಕ್ಕ ದ್ಯಾಮಮ್ಮನಿಗೆ ಹುಷಾರಿಲ್ಲ ಎಂದೆ. ಜಮೀನು ನೋಡಿಕೊಳ್ಳುತ್ತಿದ್ದಾರೆ ಎಂದೆ. ಕೇಳಿದವರು ‘ಹೌದಾ’ ಎಂದು ತಲೆ ಆಡಿಸಿ, ಮೆಟ್ಟಿಲಿಳಿದ ಮೇಲೆ ತಮ್ಮತಮ್ಮಲ್ಲೇ ನಕ್ಕಿದ್ದಾರೆ. ಗಂಡ ಬಿಟ್ಟುಹೋದವಳು ಎಂದರೆ ಅವಳಲ್ಲೇ ಏನೋ ಇರಬೇಕು ಎನ್ನುತ್ತಾರೆ. ಗಂಡ ತೀರಿಹೋದವಳು ಎಂದರೆ ದನಿ ತಗ್ಗಿಸಿ ಮಾತಾಡುತ್ತಾರೆ. ಆ ಮೇಷ್ಟ್ರ ತಗ್ಗಿದ ದನಿ ನನಗೆ ಹಿತವಾಗಿತ್ತು ಕಣ್ರೀ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

ಇನ್ನೂ ಒಂದಿದೆ. ಮನೆಯಿಂದ ಹೊರಡುವವರು ಯಾರೂ ‘ಹೋಗ್ತೀನಿ’ ಎನ್ನುವುದಿಲ್ಲ. ಸಂತೆಗೆ ಹೊರಟವರೂ ‘ಹೋಗಿ ಬರ್ತೀನಿ’ ಎನ್ನುತ್ತಾರೆ. ನೀವು ಬ್ಯಾಗು ಹಿಡಿದು ಹೊಸಿಲ ಮೇಲೆ ನಿಂತು ‘ಹೋಗ್ತೀನಿ ಲೋಕಿ’ ಎಂದಿರಿ, ಅಷ್ಟೇ. ಬರುವ ಮಾತು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ತಪ್ಪು ನನ್ನದೇ, ಹಿಂದಿನ ದಿನ ಗಿರಾಕಿಗಳ ಎದುರಿಗೇ ‘ನಿಮ್ಮ ರೀಲಿನ ಕಾಲ ಮುಗೀತು, ಸುಮ್ನೆ ಮೂಲೇಲಿ ಕೂತ್ಕಳ್ರಿ’ ಎಂದವಳು ನಾನು. ಆದರೂ ಆ ಒಂದು ಮಾತು ನೀವು ನುಂಗಿದ್ದು ನನ್ನ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಫೋನಿನಲ್ಲಿ ‘ಹೋಗಿ’ ಎಂದಷ್ಟೇ ಹೇಳಿ ಸುಮ್ಮನಾಗಿದ್ದರಲ್ಲಿ ನಿಮ್ಮ ಮೇಲಿನ ಸಿಟ್ಟೂ ಇತ್ತು.

ಮೇಷ್ಟ್ರು ಒಂದು ಫೋಟೊ ಕೇಳಿದ್ದರು. ಊರಿನ ಮಂದಿಯ ಫೋಟೊ ಎಲ್ಲ ತೆಗೆದವರು ನೀವು, ನಿಮ್ಮದು ಮಾತ್ರ ಇಲ್ಲ. ನಮ್ಮ ಮದುವೆಯ ವರ್ಷದ್ದು, ದಪ್ಪ ಮೀಸೆಯದ್ದು ಒಂದು ಸಿಕ್ಕಿತು. ನಾನೇ ಸ್ಕ್ಯಾನ್ ಮಾಡಿ, ನಾನೇ ದೊಡ್ಡದು ಮಾಡಿ, ನಾನೇ ಫ್ರೇಮ್ ಹಾಕಿದೆ. ಕ್ಯಾಮೆರಾದ ಮೇಲೆ ಅಂಟಿಸುವ ಪಟ್ಟಿಗೆ ಹೆಸರು ಬೇಕೆಂದಾಗ ಚೀಟಿಯಲ್ಲಿ ಬರೆದು ಕೊಟ್ಟೆ. ‘ದಿ. ಕೊಟ್ರೇಶ್ ಇವರ ಜ್ಞಾಪಕಾರ್ಥ’ ಎಂದು. ನಿಮ್ಮ ಹೆಸರು ನಾನು ಬರೆದದ್ದು ಹೀಗೆ.

ಕಾರ್ಯಕ್ರಮದಲ್ಲಿ ನಿಮ್ಮ ಫೋಟೊಗೆ ಹಾರ ಹಾಕಿದರು. ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು. ನಾನೂ ನಿಂತೆ. ನನಗೆ ಶಾಲು ಹೊದಿಸಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದರು. ಒಂದು ಹುಡುಗಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಹೆಂಗಸರಿಗೆಲ್ಲ ಕೊಡುತ್ತ ಬಂದಳು. ನನ್ನ ಮುಂದೆ ಒಂದು ಕ್ಷಣ ನಿಂತು, ತಲೆ ತಗ್ಗಿಸಿಕೊಂಡು, ಪಕ್ಕದವರಿಗೆ ತಟ್ಟೆ ಹಿಡಿದಳು. ನಾನು ಅತ್ತುಬಿಟ್ಟೆ. ನಟನೆಯಲ್ಲ. ಮೂರು ವರ್ಷದಿಂದ ಅಳಲು ಒಂದು ಜಾಗ ಸಿಕ್ಕಿರಲಿಲ್ಲ, ಅಲ್ಲಿ ಸಿಕ್ಕಿತು. ನೋಡಿದವರೆಲ್ಲ ಕಣ್ಣು ಒರೆಸಿಕೊಂಡರು. ಅವರಿಗೆಲ್ಲ ನಾನು ಮೋಸ ಮಾಡಿದೆ.

ಆ ತಟ್ಟೆಯ ಹುಡುಗಿಯ ಹೆಸರು ಸ್ಪಂದನ. ಕುಬಟೂರಿನವಳು. ನಿಮ್ಮ ನಿಕಾನ್ ಅವಳ ಪಾಲಿಗೆ ಬಂದಿದೆ. ಇವತ್ತು ಮಧ್ಯಾಹ್ನ ಅದನ್ನು ಹೆಗಲಿಗೆ ಹಾಕಿಕೊಂಡು, ‘ಆಂಟಿ, ನಾನು ತೆಗ್ದಿದ್ದು ನಿಮಗೇ ಮೊದ್ಲು ತೋರಿಸ್ಬೇಕು ಅಂತ ಬಂದೆ’ ಎಂದು ಅಂಗಡಿಗೆ ಬಂದಳು.

ಕ್ಯಾಮೆರಾ ಕೈಗೆ ತೆಗೆದುಕೊಂಡೆ. ಅದಕ್ಕೆ ಕೆಂಪು ಲಾಡಿ ಕಟ್ಟಿತ್ತು.

ಅದರ ಹಿಂದಿನ ಮುಚ್ಚಳ ಸಡಿಲ, ಎಲ್ಲೆಂದರಲ್ಲಿ ತೆರೆದುಕೊಂಡು ರೀಲಿಗೆ ಬೆಳಕು ಬೀಳುತ್ತಿತ್ತು. ನೀವು ನನ್ನ ಕೆಂಪು ಲಂಗದ ಲಾಡಿ ಎಳೆದು ತೆಗೆದು ಅದಕ್ಕೆ ಬಿಗಿಯಾಗಿ ಕಟ್ಟಿದ್ದಿರಿ, ನಾನು ದಿನವಿಡೀ ಬೈದಿದ್ದೆ. ಮನೆ ಬಿಟ್ಟು ಹೊರಟಾಗ ನಿಮ್ಮ ಬ್ಯಾಗಿನ ಜಿಪ್ ಕಿತ್ತಿತ್ತು. ಆ ಲಾಡಿ ಬಿಚ್ಚಿ ಬ್ಯಾಗಿಗೆ ಕಟ್ಟಿಕೊಂಡು ಹೋದಿರಿ. ದಾನ ಕೊಡುವಾಗ ಮುಚ್ಚಳದ ವಿಷಯ ಹೇಳಲು ನನಗೆ ನೆನಪೂ ಆಗಲಿಲ್ಲ. ಪಾಪ, ಹುಡುಗಿಯ ಮೊದಲ ರೀಲು ಪೂರಾ ಹಾಳಾಗಿದೆ.

ಅವಳು ಹೇಳಿದ್ದು ಇದು. ಕುಬಟೂರಿನ ದೇವಸ್ಥಾನದ ಫೋಟೊ ತೆಗೆಯಲು ಊರಿಗೆ ಹೊರಟವಳು ಆನವಟ್ಟಿಯಲ್ಲಿ ಬಸ್ಸಿಗೆ ಕಾಯುತ್ತ ಒಂದು ಗೊಬ್ಬರದ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಳಂತೆ. ಮುಚ್ಚಳ ಮತ್ತೆ ತೆರೆದುಕೊಂಡಿತಂತೆ. ಅಳು ಬರುವಂತಾಗಿತ್ತಂತೆ. ಒಳಗಿನಿಂದ ಗಡ್ಡದ ಅಂಕಲ್ ಒಬ್ಬರು ಬಂದು ಕ್ಯಾಮೆರಾ ಕೈಗೆ ತೆಗೆದುಕೊಂಡು, ಪಟ್ಟಿ ಓದಿ, ಅದರ ಮೇಲೆ ಹೆಬ್ಬೆರಳು ಆಡಿಸಿದರಂತೆ.

‘ಈ ಮಾರಾಯ ಹೆಂಗೆ ಹೋದ್ನಂತೆ?’ ಎಂದು ನೀವು ಕೇಳಿದಿರಂತೆ.

‘ಗೊತ್ತಿಲ್ಲ ಅಂಕಲ್. ಅವ್ರ ಮನೆಯವ್ರು ಮಾತ್ರ ಬಾಳ ಒಳ್ಳೇರು. ಕೊಡುವಾಗ ಅತ್ತೇಬಿಟ್ರು’ ಎಂದಳಂತೆ.

‘ಅತ್ಲಾ?’ ಎಂದು ಕೇಳಿ, ಒಳಗೆ ಹೋಗಿ, ನಿಮ್ಮ ಬ್ಯಾಗಿನ ಲಾಡಿ ಬಿಚ್ಚಿ ತಂದು ಕಟ್ಟಿಕೊಟ್ಟಿರಂತೆ. ‘ಚೆನ್ನಾಗಿ ಬಳಸಮ್ಮ, ಅವನಿಗೂ ಸಂತೋಷ ಆಗ್ತದೆ’ ಎಂದಿರಂತೆ.

ರೀ, ‘ಆ ಪಟ್ಟಿಯಲ್ಲಿರೋನು ನಾನೇ, ಬದುಕೇ ಇದೀನಿ’ ಎಂದು ಅಲ್ಲೇ ಹೇಳಿ ನಕ್ಕಿದ್ದರೆ ನನ್ನ ಮಾನ ಸೊರಬದಿಂದ ಶಿಕಾರಿಪುರದವರೆಗೆ ಹರಾಜಾಗುತ್ತಿತ್ತು. ನೀವು ಹೇಳಲಿಲ್ಲ. ನಾಲ್ಕು ಜನರ ಎದುರಿಗೆ ನಿಮ್ಮನ್ನು ಮೂಲೆಗೆ ತಳ್ಳಿದವಳ ಮರ್ಯಾದೆ ಉಳಿಸಲು ನೀವು ಸತ್ತವರಾಗಿಯೇ ನಿಂತಿರಿ. ನೀವು ಬೈದಿದ್ದರೆ ನಾನು ಎದುರು ಬೈದು ಹಗುರಾಗುತ್ತಿದ್ದೆ. ಇದಕ್ಕೆ ಏನು ಮಾಡಲಿ?

ಹುಡುಗಿ ಆ ಕ್ಯಾಮೆರಾದಲ್ಲಿ ನಿಮ್ಮ ಫೋಟೊ ತೆಗೆದಿದ್ದಾಳೆ. ಗೊಬ್ಬರದ ಚೀಲಗಳ ಮುಂದೆ, ಬಾಗಿಲ ಬೆಳಕಿನಲ್ಲಿ ಕೂತಿದ್ದೀರಿ. ಗಡ್ಡ ಪೂರಾ ಬೆಳ್ಳಗಾಗಿದೆ, ಸೊರಗಿದ್ದೀರಿ. ಈ ಶನಿವಾರ ಕಾಲೇಜಿನಲ್ಲಿ ಮಕ್ಕಳು ತೆಗೆದ ಫೋಟೊಗಳ ಪ್ರದರ್ಶನ. ಇದೇ ಅವಳ ಮುಖ್ಯ ಫೋಟೊ ಅಂತೆ. ಕ್ಯಾಮೆರಾ ಕೊಟ್ಟವರೆಂದು ನಿಮ್ಮ ಹಳೆಯ ಫೋಟೊವನ್ನೂ ಬಾಗಿಲಲ್ಲಿ ಇಡುತ್ತಾರಂತೆ. ಬಾಗಿಲಲ್ಲಿ ಹಾರ ಹಾಕಿದ ನೀವು, ಒಳಗೆ ಗೋಡೆಯ ಮೇಲೆ ಬದುಕಿರುವ ನೀವು. ನಾನು ಹೆದರಿಬಿಟ್ಟೆ. ‘ಇದು ಬೇಡ ಮಗಳೆ, ಬೆಳಕು ಸರಿಯಾಗಿ ಬಿದ್ದಿಲ್ಲ’ ಎಂದೆ. ಬೆಳಕು ಎಷ್ಟು ಚೆನ್ನಾಗಿ ಬಿದ್ದಿತ್ತೆಂದು ನಿಮ್ಮ ಜೊತೆ ಬಾಳಿದ ನನಗೆ ಗೊತ್ತಾಗುವುದಿಲ್ಲವೇ? ಅವಳು ಮುಖ ಸಣ್ಣ ಮಾಡಿಕೊಂಡು ಫೋಟೊ ಕವರಿಗೆ ಹಾಕಿದಳು. ನನ್ನ ಸುಳ್ಳು ಕಾಪಾಡಲು ಕಲಿಯುವ ಮಗುವಿಗೂ ಸುಳ್ಳು ಹೇಳಿದೆನಲ್ಲ ಎಂದು ಆಗ ನಾಚಿಕೆಯಾಯಿತು. ‘ಹಾಕಮ್ಮ, ಅದನ್ನೇ ಹಾಕು’ ಎಂದೆ.

ಶುಕ್ರವಾರ ಸೊರಬಕ್ಕೆ ಹೋಗುತ್ತೇನೆ. ತೀರ್ಥೇಶ್ ಮೇಷ್ಟ್ರಿಗೂ ಆ ಮಕ್ಕಳಿಗೂ ನನ್ನ ಬಾಯಿಂದಲೇ ಹೇಳುತ್ತೇನೆ. ಶಾಲು ವಾಪಸು ಕೊಡುತ್ತೇನೆ. ಹಾರ ತೆಗೆಯುತ್ತೇನೆ. ಪಟ್ಟಿ ಕೀಳಿಸುತ್ತೇನೆ. ಕ್ಯಾಮೆರಾ ಮಾತ್ರ ಆ ಹುಡುಗಿಯ ಹತ್ತಿರವೇ ಇರಲಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಕೊಡುವ ಮೊದಲು ಕೇಳಬೇಕಿತ್ತು, ಈಗಲಾದರೂ ಕೇಳುತ್ತಿದ್ದೇನೆ. ಶನಿವಾರ ನೀವೂ ಬನ್ನಿ ಎನ್ನಲು ನನಗೆ ಮುಖವಿಲ್ಲ. ಬಂದರೆ ಬಾಗಿಲಲ್ಲೇ ನಿಂತಿರುತ್ತೇನೆ. ಬರದಿದ್ದರೂ ಸರಿ, ನಾನು ಹೇಳುವುದನ್ನು ಹೇಳಿಯೇ ಬರುತ್ತೇನೆ.

ದ್ಯಾಮಮ್ಮ ಅತ್ತಿಗೆಗೆ ನನ್ನ ನಮಸ್ಕಾರ ಹೇಳಿ. ಹೇಳಬೇಕು ಅನ್ನಿಸಿದರೆ.

ನಿಮ್ಮವಳು ಎಂದು ಬರೆಯಲು ನಾಚುತ್ತಿರುವ
ಲೋಕಮ್ಮ

ತಾ.ಕ.: ತಟ್ಟೆಯ ಹುಡುಗಿ ನನ್ನನ್ನು ದಾಟಿ ಹೋದದ್ದು ಮೇಷ್ಟ್ರು ಹೇಳಿದ್ದನ್ನು ಕೇಳಿ ಎಂದು ನೀವು ತಿಳಿದಿರಬಹುದು. ಹಾಗೆಯೇ ತಿಳಿದುಕೊಳ್ಳಿ ಎಂದೇ ಮೇಲೆ ಬರೆಯದೆ ಬಿಟ್ಟೆ. ಅವತ್ತು ಸೊರಬದ ಬಸ್ ಸ್ಟ್ಯಾಂಡಿನ ನಲ್ಲಿಯ ಹತ್ತಿರ ನಾನೇ ಸೆರಗು ಒದ್ದೆ ಮಾಡಿ ಹಣೆಯ ಕುಂಕುಮ ಒರೆಸಿಕೊಂಡಿದ್ದೆ. ವಾಪಸು ಬಸ್ಸು ಹತ್ತುವ ಮೊದಲು ಅಲ್ಲೇ ನಿಂತು ಮತ್ತೆ ಇಟ್ಟುಕೊಂಡೆ. ಇವತ್ತು ಸ್ಪಂದನ ಬಂದಾಗ ಅದು ಹಣೆಯಲ್ಲಿತ್ತು. ಅವಳು ನೋಡಿದಳು. ಕೆಂಪು ಲಾಡಿ ಹಿಡಿದುಕೊಂಡು ನಾನು ನಿಂತದ್ದನ್ನೂ ನೋಡಿದಳು. ಕವರು ಬ್ಯಾಗಿಗೆ ಹಾಕಿಕೊಂಡು ಎದ್ದಳು. ಹೊರಡುವಾಗ, ‘ಸಂಜೆ ಆನವಟ್ಟಿ ಮೇಲೇ ಹೋಗ್ತೀನಿ ಆಂಟಿ. ಆ ಅಂಕಲ್‌ಗೆ ಏನಾದ್ರೂ ಹೇಳ್ಬೇಕಾ?’ ಎಂದಳು. ಕೂತಿರು, ಬರೆದು ಕೊಡ್ತೀನಿ ಎಂದು ಹೇಳಿ ಒಳಗೆ ಬಂದಿದ್ದೇನೆ. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾಳೆ. ಈ ಕಾಗದ ನಿಮ್ಮ ಕೈಗೆ ಕೊಡುವವಳು ಅವಳೇ.