ಹೋಗುವಾಗ ಹದಿನಾಲ್ಕು, ಬರುವಾಗ ಹದಿನೆಂಟು

ಮಾರ್ಚ್ ೩, ಭಾನುವಾರ, ಸಂಜೆ

ತಲುಪಿದೆ. ಇವರ ಊರಿಗೆ ಹೋಗುವಾಗ ಲೀಟರಿಗೆ ಹದಿನಾಲ್ಕು ಕಿಲೋಮೀಟರ್, ಬರುವಾಗ ಹದಿನೆಂಟು. ಎಂದಿನಂತೆ. ಅದೇ ಕಾರು, ಅದೇ ರಸ್ತೆ. ಹೋಗುವಾಗ ನಾನು ಹಾಕಿಸುವುದು ಸಾದಾ ಪೆಟ್ರೋಲ್. ಬರುವಾಗ ಇವರು ಹಾಕಿಸುವುದು ಪ್ರೀಮಿಯಂ, ಆಕ್ಟೇನ್ ಜಾಸ್ತಿ ಇರುವುದು. ಫೋನಿನಲ್ಲಿ ಹೇಳಿದರೆ ಬೀಗಿದರು. "ನಾನ್ ಹೇಳ್ಲಿಲ್ವಾ? ಒಳ್ಳೇದು ಕುಡಿಸಿದ್ರೆ ಒಳ್ಳೇದಾಗೇ ಓಡುತ್ತೆ."

ಮದುವೆಯಾಗಿ ಆರು ವರ್ಷ. ಊರು ಎರಡು, ಮನೆ ಎರಡು. ಇವರು ಅಲ್ಲಿ ಆಸ್ಪತ್ರೆಯ ಲಿಫ್ಟ್ ನೋಡಿಕೊಳ್ಳುತ್ತಾರೆ, ನಾನು ಇಲ್ಲಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತೇನೆ. 'ನಿನ್ನ ನೆನಪಾಗುತ್ತೆ' ಎಂಬ ಮಾತು ಗಂಡನ ಬಾಯಲ್ಲಿ ಒಮ್ಮೆಯೂ ಬಂದದ್ದಿಲ್ಲ. ಬಂಕ್‌ನಲ್ಲಿ ಮಾತ್ರ ಕೈ ಧಾರಾಳ. "ಫುಲ್ ಮಾಡಪ್ಪ, ಪ್ರೀಮಿಯಂ." ನನ್ನ ಪಾಲಿಗೆ ಅದೇ ಮುದ್ದು.

ಮಾರ್ಚ್ ೫

ಅಂಗಡಿ ಮಾಲೀಕರು ಕರೆದರು. ಇನ್ನೆರಡು ವರ್ಷ ಇಲ್ಲೇ ಇರುವುದಾದರೆ ಹೊಸ ಮೆಷಿನ್ ವಿಭಾಗ ಪೂರ್ತಿ ನನ್ನದಂತೆ. ಇಪ್ಪತ್ತೈದಕ್ಕೆ ಉತ್ತರ ಕೊಡಬೇಕು.

ಇವರಿಗೆ ಹೇಳಿದೆ. "ನಿನ್ನಿಷ್ಟ" ಎಂದರು. ನಿನ್ನಿಷ್ಟ! 'ಬೇಡ, ಬಂದ್ಬಿಡು' ಎಂದು ಒಂದು ಮಾತು ಅಂದಿದ್ದರೆ ಇವತ್ತೇ ಗಂಟುಮೂಟೆ ಕಟ್ಟುತ್ತಿದ್ದೆ. ಆಮೇಲೆ ಹತ್ತು ನಿಮಿಷ ಟೈರಿನ ಗಾಳಿಯ ವಿಚಾರ ಮಾತಾಡಿದರು.

ಮಾರ್ಚ್ ೮, ಮಧ್ಯಾಹ್ನ

ಕಾರು ಸರ್ವಿಸ್‌ಗೆ ಬಿಟ್ಟೆ. ಮೆಕ್ಯಾನಿಕ್‌ಗೆ ಪ್ರೀಮಿಯಂ ಮಹಿಮೆ ಹೇಳಿದರೆ ನಕ್ಕುಬಿಟ್ಟ. "ಅಕ್ಕಾ, ಆಕ್ಟೇನ್ ಜಾಸ್ತಿ ಅಂದ್ರೆ ಶಕ್ತಿ ಜಾಸ್ತಿ ಅಂತಲ್ಲ. ಕೆಲವು ಇಂಜಿನ್ನಲ್ಲಿ ಒತ್ತಡ ಜಾಸ್ತಿ, ಪೆಟ್ರೋಲ್ ಹೊತ್ತಿಗೆ ಮುಂಚೆ ಹತ್ಕೊಂಡ್ಬಿಡುತ್ತೆ. ಹಾಗಾಗಬಾರ್ದು ಅಂತ ಅದು. ನಿಮ್ ಗಾಡಿಗೆ ಸಾದಾನೇ ಸಾಕು."

"ಮತ್ತೆ ಹದಿನೆಂಟು ಹೇಗ್ ಬರುತ್ತೆ?"

"ಅದು ನಂಗೊತ್ತಿಲ್ಲಪ್ಪ."

ಮಾರ್ಚ್ ೧೦, ಭಾನುವಾರ

ಕಳ್ಳಾಟ ಆಡಿದೆ. ಇವರು ಡ್ಯೂಟಿಗೆ ಹೋದ ಮೇಲೆ ನಾನೇ ಬಂಕ್‌ಗೆ ಹೋಗಿ ಸಾದಾ ಹಾಕಿಸಿಕೊಂಡು ಹೊರಟೆ. ಆದರೂ ಹದಿನೆಂಟು!

ಅರ್ಧ ದಾರಿಯಲ್ಲಿ ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆದು ಹೊಡೆದು ಸುಸ್ತಾಯಿತು. ಸ್ಪೀಡ್ ನೋಡಿಕೊಂಡೆ — ಐವತ್ತೈದು. ಹೋಗುವಾಗ ನೂರರಿಂದ ಕೆಳಗಿಳಿಯುವವಳೇ ಅಲ್ಲ ನಾನು. ಈ ಮನೆಗೆ ಮರಳಲು ನನಗೆ ಅವಸರವೇ ಇಲ್ಲ. ಪೆಟ್ರೋಲಿನದು ಏನೂ ಇಲ್ಲ, ಎಲ್ಲ ನನ್ನ ಬಲಗಾಲಿನ ಕಿತಾಪತಿ. ರಸ್ತೆ ಬದಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ಅತ್ತೆ.

ಇವರಿಗೆ ಹೇಳಲಿಲ್ಲ. ಹೇಳಿದರೆ ಪ್ರೀಮಿಯಂ ಹಾಕಿಸುವುದನ್ನೂ ನಿಲ್ಲಿಸಿಬಿಟ್ಟರೆ?

ಮಾರ್ಚ್ ೧೭, ಭಾನುವಾರ

ಇವರ ಮನೆ ಮೆಟ್ಟಿಲಲ್ಲಿ ಎಡಗಾಲು ಉಳುಕಿತು. ಕ್ಲಚ್ ತುಳಿಯಲಾಗದು. ಬಸ್ ಹತ್ತಿಸಿದರು. "ಗಾಡಿ ನಾನೇ ತರ್ತೀನಿ, ಶನಿವಾರ ರಜ ಹಾಕಿ." ಇನ್ನೆರಡು ದಿನ ಇರು ಅನ್ನಬಹುದಿತ್ತು... ಅನ್ನಲಿಲ್ಲ. ಬಸ್ಸಿನ ಕಿಟಕಿಯಾಚೆ ನಿಂತು ಮುಲಾಮು ಹಚ್ಚುವ ಕ್ರಮ ಹೇಳುತ್ತಲೇ ಇದ್ದರು.

ಮಾರ್ಚ್ ೨೨

ಸಾಕಾಯಿತು. ಸೋಮವಾರ ಮಾಲೀಕರಿಗೆ 'ಆಗಲಿ' ಎಂದುಬಿಡುತ್ತೇನೆ. ಒಬ್ಬಳೇ ಎಷ್ಟು ದಿನ ಹಂಬಲಿಸಲಿ?

ಮಾರ್ಚ್ ೨೩, ಶನಿವಾರ, ಬೆಳಿಗ್ಗೆ

ಹನ್ನೊಂದಕ್ಕೆ ಬರುತ್ತೇನೆಂದಿದ್ದರು. ಒಂಬತ್ತೂವರೆಗೇ ಫೋನ್, ನಮ್ಮ ಬೀದಿ ತುದಿಯ ಬಂಕ್‌ನಿಂದ. ದನಿಯಲ್ಲಿ ಗಾಬರಿ. "ನಿನ್ ಗಾಡಿಗೆ ಏನೋ ಆಗಿದೆ ಕಣೇ. ಪ್ರೀಮಿಯಂ ಹಾಕ್ಸಿದೀನಿ, ಆದ್ರೂ ಮೈಲೇಜ್ ಹನ್ನೊಂದರ ಮೇಲೆ ಹೋಗ್ತಿಲ್ಲ!"

ಗಡಿಯಾರ ನೋಡಿದೆ. ಆಮೇಲೆ ಕೇಳಿದೆ, "ಎಷ್ಟು ಸ್ಪೀಡಲ್ಲಿ ಬಂದ್ರಿ?"

"ಏನೋ... ಹಾಗೇ ಬಂದೆ. ಯಾಕೆ?"

ಹಾಗೇ ಬಂದರಂತೆ! ನನ್ನದು ಹದಿನಾಲ್ಕು, ಇವರದು ಹನ್ನೊಂದು, ಅವಸರದಲ್ಲಿ ನನ್ನನ್ನೂ ಮೀರಿಸಿದರು. ಸೋತೆ. ಇಷ್ಟು ಖುಷಿಯಿಂದ ಯಾವತ್ತೂ ಸೋತಿರಲಿಲ್ಲ. ಕುಂಟುತ್ತ ಹೋಗಿ ಅಟ್ಟದಿಂದ ಸೂಟ್‌ಕೇಸ್ ಇಳಿಸಿದೆ. ಮಾಲೀಕರಿಗೆ 'ಇಲ್ಲ' ಎನ್ನಬೇಕು. ಇಂಜಿನ್ನಿಗೆ ಏನೂ ಆಗಿಲ್ಲ ಎಂದು ಇವರಿಗೆ ಹೇಗೆ ಹೇಳಲಿ... ಗೇಟಿನ ಸದ್ದು. ಕಾರು ಇನ್ನೂ ಆಫ್ ಕೂಡ ಮಾಡಿಲ್ಲ, ಆಗಲೇ ಇಳಿದು—