ರಾಜಿನೀರು

ಗಾಳಿಕೊಪ್ಪ, ಕಪ್ಪತಗುಡ್ಡದ ಬುಡ
ಫೆಬ್ರುವರಿ ೩೧, ೨೧೭೧

ನನ್ನ ಅಜ್ಜಿಯ ಅಜ್ಜಿಗೂ ಅಜ್ಜಿಯಾದ ಸಾವಂತ್ರೆವ್ವನವರಿಗೆ, ನಿಮ್ಮ ಕುಡಿ ಕುಮುದಾ ಮಾಡುವ ನಮಸ್ಕಾರಗಳು.

ನಿಮ್ಮ ಕಾಲದ ಪತ್ರಗಳಲ್ಲಿ ಮೊದಲು ‘ಇತ್ತ ಎಲ್ಲರೂ ಕ್ಷೇಮ’ ಎಂದು ಬರೆದು ಆಮೇಲೆ ಮುಂದಿನ ಮಾತಿಗೆ ಹೋಗುತ್ತಿದ್ದರಂತೆ. ಆ ಸಾಲನ್ನು ನಾನು ಬರೆಯಲಾರೆ, ಕ್ಷಮಿಸಬೇಕು. ಮೇಲಿನ ತಾರೀಖು ನೋಡಿ ಹುಡುಗಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೊಂದೇ ದಿನ. ಕಚೇರಿಗಳಿಗೆ ಅನುಕೂಲವೆಂದು ಹಾಗೆ ಮಾಡಿದರು, ಯಾಕೆ ಎಂದು ಯಾರೂ ಕೇಳಲಿಲ್ಲ. ನನ್ನ ಕನ್ನಡವೂ ನಿಮ್ಮ ಕಿವಿಗೆ ಒಡ್ಡೊಡ್ಡಾಗಿ ಕೇಳಿಸಬಹುದು. ಶಾಲೆಯಲ್ಲಿ ಕಲಿತ ನಿಮ್ಮ ಕಾಲದ ಬರವಣಿಗೆಯಲ್ಲೇ ಬರೆಯಲು ನೋಡುತ್ತೇನೆ. ಎಲ್ಲಾದರೂ ನಮ್ಮ ಹೊಸ ಮಾತು ನುಸುಳಿದರೆ ಅಲ್ಲೇ ಅರ್ಥ ಹೇಳುತ್ತೇನೆ.

ಈ ಪತ್ರ ಬಂದದ್ದು ಹಿಂದಂಚೆಯಲ್ಲಿ. ಆಗಿಹೋದ ಕಾಲಕ್ಕೆ ಕಾಗದ ಮುಟ್ಟಿಸುವ ಅಂಚೆ ಅದು. ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ಬದುಕಿನಲ್ಲಿ ಒಂದು ಸಲ, ಒಂದೇ ಕಾಗದಕ್ಕೆ ಅವಕಾಶ. ಹೆಚ್ಚಿನವರು ಮುತ್ತಜ್ಜಿಗೆ ಬರೆದು ಗುರೆಳ್ಳು ಚಟ್ನಿ ಕುಟ್ಟುವ ಹದ ಕೇಳುತ್ತಾರೆ. ಸರಕಾರದವರು ಈ ಕಾಗದಗಳನ್ನು ಒಡೆದು ಓದುವ ಗೋಜಿಗೆ ಹೋಗುವುದಿಲ್ಲ, ಆಗಿಹೋದದ್ದನ್ನು ಯಾರು ತಿದ್ದಿಯಾರು ಎಂಬ ಧೈರ್ಯ ಅವರಿಗೆ. ಇಂಥ ವರ್ಷಕ್ಕೆ ಮುಟ್ಟುತ್ತದೆ ಎಂದು ಹೇಳುತ್ತಾರೆ, ದಿನ ಹೇಳುವುದಿಲ್ಲ. ಆದ್ದರಿಂದ ನಿಮ್ಮ ತಮ್ಮನ ಕಾಲಿನ ಮೇಲೆ ಟಿಪ್ಪರ್ ಹರಿಯುವ ಮೊದಲೇ ಇದು ನಿಮ್ಮ ಕೈಗೆ ಬಂದಿದೆಯೋ ಆಮೇಲೆ ಬಂದಿದೆಯೋ ನನಗೆ ತಿಳಿಯದು. ಮೊದಲೇ ಬಂದಿದ್ದರೆ ಅವನನ್ನು ಆ ರಸ್ತೆಗೆ ಬಿಡಬೇಡಿ. ಆಮೇಲೆ ಬಂದಿದ್ದರೆ, ನೀವು ಈಗ ಠಾಣೆಯ ಬೆಂಚಿನ ಮೇಲೆ ಕೂತಿರುತ್ತೀರಿ. ಅಲ್ಲಿಂದ ಏಳುವ ಮೊದಲು ಇದನ್ನು ಪೂರ್ತಿ ಓದಿ.

ಆ ದಿನದ ಕಥೆ ನಮ್ಮ ಮನೆತನದಲ್ಲಿ ಇಂದಿಗೂ ಇದೆ, ಅದೂ ಹೆಮ್ಮೆಯ ಕಥೆಯಾಗಿ. ನೀವು ದೂರು ಕೊಡಲು ಹೋದಿರಿ. ಟಿಪ್ಪರಿನ ಮಾಲೀಕ ಊರಿಗೆ ದೊಡ್ಡವನು. ಸಾಹೇಬರು ನಿಮ್ಮನ್ನು ಬೆಂಚಿನಿಂದ ಎಬ್ಬಿಸಿ ಕುರ್ಚಿ ಹಾಕಿಸಿದರು, ಚಹಾ ತರಿಸಿದರು, ‘ಯಾಕ ಬೇಕವಾ ಕೋರ್ಟು ಕಚೇರಿ, ನಾ ಕುಂಡ್ರಿಸಿ ರಾಜಿ ಮಾಡಸ್ತೀನಿ’ ಎಂದರು. ಬಿಳಿ ಹಾಳೆಯ ಮೇಲೆ ಬರೆದಿದ್ದ ನಿಮ್ಮ ಅರ್ಜಿಯನ್ನು ಟೇಬಲ್ ಗಾಜಿನ ಕೆಳಗೆ ಇಟ್ಟುಕೊಂಡರು. ನೀವು ಚಹಾ ಕುಡಿದು ಮನೆಗೆ ಬಂದಿರಿ. ನಿಮ್ಮ ತಮ್ಮ ಉಳಿದ ಆಯುಷ್ಯವನ್ನು ಕಟ್ಟೆಯ ಮೇಲೆ ಕಳೆದ. ನಮ್ಮ ಅಜ್ಜಿ ಈ ಕಥೆ ಹೇಳುವಾಗ ಅವನ ಕಾಲಿನ ಮಾತನ್ನು ಬೇಗ ದಾಟಿಸಿ, ಕುರ್ಚಿಯ ಹತ್ತಿರ ಬಂದು ನಿಲ್ಲುತ್ತಿದ್ದಳು. ‘ಸಾಹೇಬ್ರು ಎದ್ದ ನಿಂತು ಚಾ ಕೊಟ್ಟಾರ ನಮ್ಮ ಸಾವಂತ್ರೆವ್ವಗ’ ಎನ್ನುವಾಗ ಅವಳ ಮುಖ ಅರಳುತ್ತಿತ್ತು. ಚಿಕ್ಕವಳಿದ್ದಾಗ ನನಗೂ ಅದು ಖುಷಿ ಕೊಡುತ್ತಿತ್ತು. ಈಗ ಯಾರಾದರೂ ಅದನ್ನು ಹೇಳಲು ಶುರುಮಾಡಿದರೆ ಎದ್ದು ಹೋಗುತ್ತೇನೆ.

ಯಾಕೆಂದರೆ ಆ ಚಹಾ ನಿಮ್ಮೊಬ್ಬರಿಗೇ ಮುಗಿಯಲಿಲ್ಲ. ನಿಮ್ಮ ನಂತರದವರೂ ಕುಡಿದರು, ಅವರ ಮಕ್ಕಳೂ ಕುಡಿದರು. ದೂರು ಕೊಡಲು ಹೋಗುವುದು ಎಂದರೆ ಚಹಾ ಕುಡಿದು ಬರುವುದು ಎಂದೇ ಆಯಿತು. ಕೊನೆಗೆ ಯಾರೋ ಬುದ್ಧಿವಂತರು ಅದನ್ನು ನಿಯಮವನ್ನಾಗಿ ಮಾಡಿದರು: ಕಚೇರಿಯವರು ಕೊಟ್ಟದ್ದನ್ನು ಬಾಯಿಗೆ ಹಾಕಿಕೊಂಡವರ ತಕರಾರು ಅಲ್ಲಿಗೆ ತೀರಿತು. ಚಹಾದ ಎಲೆ ಸಿಗದ ಕಾಲ ಬಂದಾಗ ಅದು ತಂಬಿಗೆ ನೀರು ಮತ್ತು ಬೆಲ್ಲದ ಚೂರಿಗೆ ಇಳಿಯಿತು. ಅದನ್ನೇ ನಾವು ರಾಜಿನೀರು ಎನ್ನುತ್ತೇವೆ. ನಮ್ಮ ಪ್ರತಿ ಠಾಣೆಯ ಬಾಗಿಲಲ್ಲೂ ತಾಮ್ರದ ಹಂಡೆ ಇದೆ, ಬೆಳಗಿ ಥಳಥಳ ಇಟ್ಟಿರುತ್ತಾರೆ. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಸೀಮೆಯ ಪದ್ಧತಿ, ಕೊಟ್ಟ ನೀರನ್ನು ಬೇಡವೆನ್ನುವುದು ಕೊಟ್ಟವರನ್ನೇ ಹೊಸ್ತಿಲಿನಾಚೆ ನೂಕಿದ ಹಾಗೆ. ಇದನ್ನು ಚೆನ್ನಾಗಿ ಬಲ್ಲವರೇ ಆ ನಿಯಮ ಬರೆದಿರಬೇಕು.

ನಮಗೆ ಕಾನೂನು ಗೊತ್ತಿಲ್ಲ ಎಂದು ತಿಳಿಯಬೇಡಿ. ನಿಮಗಿಂತ ಚೆನ್ನಾಗಿ ಗೊತ್ತು. ನಿಮ್ಮ ಕಾಲದ ಹಕ್ಕುಗಳಲ್ಲಿ ಒಂದನ್ನೂ ರದ್ದು ಮಾಡಿಲ್ಲ. ಪುಸ್ತಕದಲ್ಲಿ ಅಕ್ಷರ ಅಲುಗದೆ ಹಾಗೇ ಇವೆ. ಶಾಲೆಯಲ್ಲಿ ಮಕ್ಕಳು ದಿನಾ ಮುಂಜಾನೆ ಹಕ್ಕಿನ ಮಗ್ಗಿ ಹೇಳುತ್ತಾರೆ. ದೂರನ್ನು ಬಾಯಲ್ಲಿ ಹೇಳಿದರೂ ಠಾಣೆಯವರು ಬರೆದುಕೊಳ್ಳಬೇಕು, ಬರೆದದ್ದನ್ನು ಓದಿ ಹೇಳಬೇಕು. ಘಟನೆ ಬೇರೆ ಠಾಣೆಯ ಗಡಿಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆ ದೂರು ತೆಗೆದುಕೊಳ್ಳಬೇಕು, ‘ನಮಗ ಬರೂದಿಲ್ಲ, ಅಲ್ಲಿ ಹೋಗ್ರಿ’ ಎನ್ನುವಂತಿಲ್ಲ. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು. ಠಾಣೆ ಒಲ್ಲೆನೆಂದರೆ ಜಿಲ್ಲೆಯ ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಪುಟ್ಟ ಮಕ್ಕಳು ಇದನ್ನೆಲ್ಲ ತಾಳ ಹಾಕಿಕೊಂಡು ಹಾಡುವುದನ್ನು ಕೇಳಿದರೆ ನಿಮಗೆ ಮುದ್ದು ಬರುತ್ತದೆ. ದೊಡ್ಡವರಾದ ಮೇಲೆ ಅದರಲ್ಲೊಂದನ್ನು ಬಾಯಿಬಿಟ್ಟು ಕೇಳಿದವರನ್ನು ಮಾತ್ರ ಊರು ಒರಟರು ಎನ್ನುತ್ತದೆ.

ನನ್ನ ತಮ್ಮ ಅಡಿವೇಶ ಅಂಥ ಒರಟ. ಶಾಲೆಯಲ್ಲಿ ಹಕ್ಕಿನ ಮಗ್ಗಿಗೆ ಬಹುಮಾನ ತೆಗೆದುಕೊಂಡವನು. ಬೇರೆಯವರು ಪ್ರಶಸ್ತಿಪತ್ರವನ್ನು ಗೋಡೆಗೆ ತೂಗುಹಾಕಿ ಮರೆತರು, ಇವನು ಹಾಡಿದ್ದನ್ನು ನಿಜವೆಂದು ನಂಬಿಬಿಟ್ಟ. ಅವನಿಗೆ ಗುಡ್ಡದ ಮೇಲಿನ ಗಾಳಿಕಂಬಗಳಲ್ಲಿ ಕೆಲಸ. ಹಗ್ಗ ಕಟ್ಟಿಕೊಂಡು ಮೇಲೆ ಏರಿ ರೆಕ್ಕೆಗಳ ಕೆಂಪು ಧೂಳು ಒರೆಸುವುದು. ನಮ್ಮೂರಿನ ಗಂಡಸರೆಲ್ಲ ಅದೇ ಮಾಡುತ್ತಾರೆ, ಸಂಜೆ ಇಳಿದು ಬಂದರೆ ಹುಬ್ಬುಗಳೂ ಕೆಂಪಗಾಗಿರುತ್ತವೆ. ಒಂದು ದಿನ ಅವನ ಜೊತೆಯವನೊಬ್ಬ ಮೇಲಿಂದ ಬಿದ್ದು ಸತ್ತ. ವಿಚಾರಿಸಲು ಬಂದವರು ‘ಕಾಲು ಜಾರಿತು’ ಎಂದು ಬರೆದುಕೊಂಡರು. ಅಡಿವೇಶ, ಹಗ್ಗ ಹಳೆಯದಾಗಿತ್ತು, ಬದಲಿಸಿರೆಂದು ನಾವೇ ಕೇಳಿಕೊಂಡಿದ್ದೆವು, ಅದನ್ನೂ ಬರೆಯಿರಿ ಎಂದ. ಬರೆದದ್ದನ್ನು ಓದಿ ಹೇಳಿರಿ ಎಂದ. ಒಂದು ಪ್ರತಿ ಕೊಡಿರಿ ಎಂದ. ಅವನು ಮಾಡಿದ್ದು ಇಷ್ಟೇ.

ಮರುದಿನ ರೊಟ್ಟಿ ತಿನ್ನುತ್ತಿದ್ದಾಗ ಬಂದು ಕರೆದೊಯ್ದರು. ಕಾರಣ ಹೇಳಲಿಲ್ಲ. ಹಿಡಿದೊಯ್ಯುವವರು ಕಾರಣ ಹೇಳಬೇಕು, ಮನೆಯವರಿಗೋ ಗೆಳೆಯರಿಗೋ ಎಲ್ಲಿಟ್ಟಿದ್ದೇವೆಂದು ತಿಳಿಸಬೇಕು, ಹಿಡಿಸಿಕೊಂಡವನಿಗೆ ತನ್ನ ಇಷ್ಟದ ವಕೀಲರನ್ನು ಕಾಣಲು ಬಿಡಬೇಕು, ವಕೀಲರನ್ನಿಡಲು ಗತಿಯಿಲ್ಲದಿದ್ದರೆ ಪುಕ್ಕಟೆ ವಕೀಲರನ್ನು ಕೊಡಬೇಕು, ಪ್ರಯಾಣದ ಹೊತ್ತು ಬಿಟ್ಟು ಇಪ್ಪತ್ತನಾಲ್ಕು ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅವನ ಹಿಂದೆ ಬಾಗಿಲವರೆಗೂ ಓಡುವಾಗ ಈ ಮಗ್ಗಿ ನನ್ನ ತಲೆಯಲ್ಲಿ ತಾಳದ ಸಮೇತ ಓಡುತ್ತಿತ್ತು. ಅದರಲ್ಲೊಂದನ್ನೂ ನಾನು ಬಾಯಿಬಿಟ್ಟು ಕೇಳಲಿಲ್ಲ. ನಮ್ಮವ್ವ ಅವನ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿಟ್ಟಳು, ಬಂದು ತಿಂದಾನೆಂದು.

ಆ ಇಪ್ಪತ್ತನಾಲ್ಕು ತಾಸು ನಮ್ಮಲ್ಲಿ ಈಗಲೂ ಇವೆ, ಮುತ್ತಜ್ಜಿ. ಆದರೆ ಯಾರಾದರೂ ಕೇಳಿದ ಮೇಲೆ ಮಾತ್ರ ಆ ತಾಸುಗಳ ಎಣಿಕೆ ಶುರುವಾಗುತ್ತದೆ. ಕೇಳುವವರು ರಕ್ತಸಂಬಂಧಿಗಳಾಗಿರಬಾರದು, ಮನೆಯವರು ದುಃಖದಲ್ಲಿ ಏನಾದರೂ ಕೇಳುತ್ತಾರೆ ಎಂಬುದು ಅವರ ವಾದ. ಹೊರಗಿನವರೊಬ್ಬರು ಠಾಣೆಯ ಕಟಕಟೆಗೆ ಹೋಗಿ ‘ಇಂಥವನು ಎಲ್ಲಿದ್ದಾನೆ’ ಎಂದು ಕೇಳಿ, ಬಾಗಿಲು ತೆರೆದಾಗಿಂದ ಮುಚ್ಚುವವರೆಗೆ ರಾಜಿನೀರು ಮುಟ್ಟದೆ ನಿಲ್ಲಬೇಕು. ಹಾಗೆ ನಿಂತವರನ್ನು ನಿಲುಗ ಎನ್ನುತ್ತಾರೆ. ಒಬ್ಬನ ಸಲುವಾಗಿ ಒಂದೇ ಸಲ ನಿಲ್ಲಬಹುದು. ನಿಲುಗ ನೀರು ಕುಡಿದರೆ ಆ ಪ್ರಶ್ನೆ ಶಾಶ್ವತವಾಗಿ ಮುಗಿಯಿತು, ಆಮೇಲೆ ಯಾರು ಕೇಳಿದರೂ ಠಾಣೆ ಉತ್ತರ ಕೊಡಬೇಕಿಲ್ಲ. ನಾನು ಓಣಿಯ ಮನೆಮನೆಗೂ ಹೋದೆ. ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ. ಎಲ್ಲರೂ ಒಳಗೆ ಕರೆದರು, ಕೂರಿಸಿದರು, ತಮ್ಮನಿಗಾಗಿ ಕಣ್ಣೀರು ಹಾಕಿದರು, ಕೊನೆಗೆ ‘ನಮಗ್ಯಾಕವಾ ಇಲ್ಲದ ಉಸಾಬರಿ, ಮಕ್ಕಳೊಂದಿಗರು ನಾವು’ ಎಂದರು. ನಾನು ಅವರ ಜಾಗದಲ್ಲಿದ್ದಿದ್ದರೂ ಹಾಗೇ ಹೇಳುತ್ತಿದ್ದೆ, ಆ ಮಾತನ್ನು ಮುಚ್ಚಿಡುವುದಿಲ್ಲ.

ಒಪ್ಪಿದವರು ಗೂಳಪ್ಪ ಕಾಕಾ ಒಬ್ಬರೇ. ಪಕ್ಕದ ಮನೆಯವರು, ನಮಗೆ ಬಂಧುಗಳಲ್ಲ. ವಯಸ್ಸಾದವರು, ಮೊಣಕಾಲು ನೋವು ಬೇರೆ. ‘ಅಂವನ್ನ ನಾನೂ ಎತ್ತಿ ಆಡಿಸೇನಿ. ನಡಿ, ನಾ ನಿಲ್ತೇನಿ’ ಎಂದು ತಲೆಗೆ ಪಟಕ ಸುತ್ತಿಕೊಂಡೇ ಹೊರಟರು. ನಾನು ಠಾಣೆಯ ಎದುರಿನ ಬೇವಿನ ಮರದ ಕೆಳಗೆ ಕೂತು ನೋಡುತ್ತಿದ್ದೆ. ಅವರು ನಿಂತರು. ಪೇದೆ ಹಂಡೆಯ ಹತ್ತಿರ ಕರೆದ, ತಲೆಯಾಡಿಸಿ ಬೇಡವೆಂದರು. ಸಾಹೇಬರು ಹೊರಬಂದು ಕೈಮುಗಿದು ಕರೆದರು, ಕಾಕಾ ತಾವೂ ಕೈಮುಗಿದು ನಿಂತೇ ಇದ್ದರು. ಬಿಸಿಲು ನೆತ್ತಿಗೆ ಬಂತು, ಇಳಿಯಿತು. ಕಟಕಟೆ ಹಿಡಿದುಕೊಂಡು ಅವರು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುವುದು ನನಗೆ ಮರದಡಿಯಿಂದಲೂ ಕಾಣುತ್ತಿತ್ತು. ಬಾಗಿಲು ಮುಚ್ಚುವ ಹೊತ್ತಾಯಿತೆಂದು ಪೇದೆ ಬೀಗದ ಕೈ ಹುಡುಕಲು ಒಳಗೆ ಹೋದಾಗ ನಾನು ಎದ್ದು ನಿಂತೆ. ತಮ್ಮ ಬಂದೇಬಿಟ್ಟ ಎಂದುಕೊಂಡೆ.

ಆಗ ನೀಲಾ ಹೊರಗೆ ಬಂದಳು. ನಮ್ಮ ಓಣಿಯ ಹುಡುಗಿ, ಆ ಠಾಣೆಯಲ್ಲಿ ಬರವಣಿಗೆ ಕೆಲಸದವಳು. ಅವಳನ್ನು ಯಾರಾದರೂ ಕಳಿಸಿದರೋ ಅವಳಾಗಿಯೇ ಬಂದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕಾಕಾನ ಕಾಲು ಮುಟ್ಟಿ ನಮಸ್ಕರಿಸಿ, ತಂಬಿಗೆ ಮುಂದೆ ಹಿಡಿದಳು. ‘ಕಾಕಾ, ಮುಂಜಾನಿಂದ ನಿಂತೀರಿ, ಕಾಲ ಬಾತಾವ ನೋಡ್ರಿ. ಒಂದ ಗುಟುಕ ತಗೋರಿ. ನಾ ನಿಮ್ಮ ಮಗಳಿದ್ದಂಗಲ್ಲೇನು?’ ಎಂದಳು. ನಾನು ಮರದಡಿಯಿಂದ ಕೂಗಿದೆ. ಕಾಕಾ ನನ್ನ ಕಡೆ ನೋಡಿದರು, ಅವಳ ಮುಖ ನೋಡಿದರು. ಬಾಯಾರಿಕೆಗೆ ಅವರು ಸೋಲಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಹೆಣ್ಣುಮಗಳು ಚಾಚಿದ ತಂಬಿಗೆಯನ್ನು ಮುಟ್ಟದೆ ತಿರುಗಿಸಿ ಕಳಿಸುವುದನ್ನು ಅವರು ಹುಟ್ಟಿದಾಗಿಂದ ಕಲಿತಿರಲಿಲ್ಲ. ಒಂದು ಗುಟುಕು ಕುಡಿದರು. ಪ್ರಶ್ನೆ ಮುಗಿಯಿತೆಂದು ಒಳಗೆ ಗಂಟೆ ಹೊಡೆಯಿತು. ನೀಲಾ ತಂಬಿಗೆಯನ್ನು ಅಲ್ಲೇ ಬಿಟ್ಟು, ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ಕಾಕಾ ನಮ್ಮ ಮನೆಯವರೆಗೂ ಬಂದರು, ಹೊಸ್ತಿಲು ದಾಟಲಿಲ್ಲ. ನಮ್ಮವ್ವ ಅಡುಗೆಮನೆಯಿಂದ ಅವರನ್ನು ನೋಡಿದಳು. ಮಗನ ಗತಿ ಏನಾಯಿತೆಂದು ಅವರ ನಿಲುವಿನಿಂದಲೇ ಅವಳಿಗೆ ತಿಳಿದಿರಬೇಕು. ಬಾಗಿಲಿಗೆ ಬಂದವರಿಗೆ ಏನು ಮಾಡಬೇಕೋ ಅದನ್ನೇ ಕೈ ತಾನಾಗಿ ಮಾಡಿತು: ತಂಬಿಗೆ ನೀರು, ತಟ್ಟೆಯಲ್ಲಿ ಬೆಲ್ಲ ತಂದು ಅವರ ಮುಂದೆ ಹಿಡಿದಳು. ಕಾಕಾ ಅದನ್ನು ತೆಗೆದುಕೊಂಡು, ಕುಡಿಯಲೂ ಆಗದೆ ಕೆಳಗಿಡಲೂ ಆಗದೆ, ಅಳುತ್ತ ನಿಂತರು. ಅಂದಿನಿಂದ ಅವರು ಯಾರ ಮನೆಗೂ ಹೋಗುವುದಿಲ್ಲ.

ಅಡಿವೇಶ ಬದುಕಿದ್ದಾನೋ ಇಲ್ಲವೋ ಕೇಳುವ ಹಕ್ಕು ಇನ್ನು ಈ ಭೂಮಿಯ ಮೇಲೆ ಯಾರಿಗೂ ಇಲ್ಲ. ಅದಕ್ಕೇ ಈ ಕಾಗದ. ಅವ್ವ ತನ್ನ ಕಾಗದವನ್ನು ಎಂದೋ ಬರೆದಾಗಿದೆ, ಹೋಳಿಗೆ ಹೂರಣದ ಸಲುವಾಗಿ. ನನ್ನ ಪಾಲಿನದು ಉಳಿದಿತ್ತು.

ನಿಮ್ಮ ಕಾಲದಲ್ಲಿ ಚಹಾಕ್ಕೆ ಇನ್ನೂ ಕಾನೂನಿನ ಬಲ ಬಂದಿಲ್ಲ. ಕುಡಿದರೂ ನಿಮ್ಮ ಹಕ್ಕು ಹೋಗುವುದಿಲ್ಲ, ಬಾಯಿ ಒರೆಸಿಕೊಂಡು ಮತ್ತೆ ಕೇಳಬಹುದು. ನಿಮ್ಮ ಆ ಪುಣ್ಯ ನಮಗಿಲ್ಲ. ಅರ್ಜಿಯನ್ನು ಗಾಜಿನ ಕೆಳಗೆ ಇಡಲು ಬಿಡಬೇಡಿ. ದಾಖಲು ಮಾಡಿರಿ ಎನ್ನಿ, ಓದಿ ಹೇಳಿರಿ ಎನ್ನಿ, ಪ್ರತಿ ಕೊಡಿರಿ ಎನ್ನಿ. ಹೆಣ್ಣುಮಕ್ಕಳಿಗೆ ಪುಕ್ಕಟೆ ವಕೀಲರನ್ನು ಕೊಡುವ ಕಾನೂನು ಸೇವಾ ಪ್ರಾಧಿಕಾರ ನಿಮ್ಮ ಜಿಲ್ಲಾ ನ್ಯಾಯಾಲಯದಲ್ಲೇ ಇದೆ, ಅಲ್ಲಿಗೆ ಹೋಗಿ. ಒರಟಿ ಎನ್ನುತ್ತಾರೆ, ಅನ್ನಲಿ. ನಿಮ್ಮ ಪಕ್ಕದ ಬೆಂಚಿನಲ್ಲಿ ಇನ್ನೊಬ್ಬರು ಕೇಳುತ್ತಿದ್ದರೆ ಅವರ ಜೊತೆ ನಿಲ್ಲಿ, ಅವರು ನಿಮಗೆ ಏನೂ ಆಗಬೇಕಿಲ್ಲ.

ಇಷ್ಟು ಬರೆದರೂ ನನಗೆ ನಂಬಿಕೆಯಿಲ್ಲ, ಮುತ್ತಜ್ಜಿ. ನೀವು ನನ್ನ ಮಾತು ಕೇಳಿದ್ದರೆ ಈ ಸಾಲು ಬರೆಯುವ ಹೊತ್ತಿಗೆ ಇಲ್ಲಿ ಏನಾದರೂ ಬದಲಾಗಬೇಕಿತ್ತು. ಈಗಷ್ಟೇ ತಲೆಯೆತ್ತಿ ನೋಡಿದೆ. ಅಡಿವೇಶನ ತಾಟಿನ ಮೇಲೆ ಅವ್ವ ಮುಚ್ಚಿದ ತಾಟು ಹಾಗೇ ಇದೆ. ಎಂದರೆ ಕಾಗದ ಮುಟ್ಟಿದೆ, ನೀವು ಓದಿದ್ದೀರಿ, ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕಪ್ಪು ಎತ್ತಿದ್ದೀರಿ. ಸಾಹೇಬರು ಎದ್ದು ನಿಂತು ಕೊಟ್ಟದ್ದನ್ನು ಹೇಗೆ ಬೇಡವೆನ್ನುವುದು ಎಂಬ ಸಂಕೋಚ ನಿಮಗೆ. ಗೂಳಪ್ಪ ಕಾಕಾನನ್ನು ಕಂಡವಳು ನಾನು, ನಿಮ್ಮನ್ನು ಹೇಗೆ ಬೈಯಲಿ?

ಆದರೂ ಇನ್ನೊಂದು ಸಲ ಕೇಳಿಕೊಳ್ಳುತ್ತೇನೆ. ಇದೊಂದು ಕಾಗದ ಬಿಟ್ಟು ನನಗೆ ಕೇಳಲು ಬೇರೆ ಬಾಗಿಲಿಲ್ಲ. ಚಹಾ ಆರಿ ಕೆನೆ ಕಟ್ಟಲಿ, ಸಾಹೇಬರು ಮುನಿಸಿಕೊಳ್ಳಲಿ. ಪ್ರತಿ ಕೈಗೆ ಬರುವವರೆಗೂ ನೀವು ಆ ಬೆಂಚಿನಿಂದ ಏಳಬೇಡಿ.

ನಿಮ್ಮವಳು,
ಕುಮುದಾ