ನನಗಿಂತ ಮೊದಲು ಬರೆದವಳು

ಅಕುರೆ
ಜನವರಿ ೧೪, ಮಂಗಳವಾರ

ಪ್ರೀತಿಯ ಅಮ್ಮನಿಗೆ ಮೊಣಕಾಲೂರಿ ನಮಸ್ಕಾರಗಳು.

ಉತ್ತರದ ಮರಳುಗಾಳಿ ಶುರುವಾಗಿದೆ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನಕ್ಕೆ ಬೆರಳಿನಲ್ಲಿ ಬರೆಯಬಹುದು. ಫೋನಿನಲ್ಲಿ ಹೇಳಿದರೆ ನಿನಗೆ ಕೇಳಿಸುವುದಿಲ್ಲ, ತಮ್ಮ ಇದೊವುವಿನ ಬಾಯಿಂದ ಹೇಳಿಸುವ ವಿಷಯವೂ ಇದಲ್ಲ. ನನಗೆ ನಿನ್ನ ಕೈಬರಹದಲ್ಲಿ ಒಂದು ಸಾಲು ಬೇಕು. ನಿನ್ನ ಅವಳಿ ಮಕ್ಕಳಲ್ಲಿ ಬದುಕಿರುವವಳು ಯಾರು ಎಂದು ಬರೆದು ಕಳಿಸು. ಅದು ಬಾರದಿದ್ದರೆ ನನಗೆ ಪ್ರೊಫೆಸರ್ ಹುದ್ದೆ ಸಿಗುವುದಿಲ್ಲ. ಕಳ್ಳಿ ಎನ್ನಿಸಿಕೊಂಡು ಈಗಿರುವ ಕೆಲಸದಿಂದಲೂ ಹೊರಬೀಳಬೇಕಾಗುತ್ತದೆ.

ಇದು ಹೇಗೆ ಇಲ್ಲಿಗೆ ಬಂತೆಂದು ಹೇಳುತ್ತೇನೆ.

ನನ್ನ ಮೊದಲ ಪ್ರಬಂಧ ಅಚ್ಚಾದಾಗ ಅದನ್ನು ತಂದು ನಿನ್ನ ಮಡಿಲಲ್ಲಿಟ್ಟಿದ್ದೆ. ನೀನು ನನ್ನ ಹೆಸರಿನ ಮೇಲೆ ಬೆರಳಿಟ್ಟು, “ತಂಗಿಯ ಹೆಸರೆಲ್ಲಿ? ಒಬ್ಬಳಿಗೆ ಕೊಟ್ಟು ಇನ್ನೊಬ್ಬಳಿಗೆ ಕೊಡದೆ ಇದ್ರೆ ಅವಳು ಬಂದು ಕೇಳ್ತಾಳೆ” ಎಂದೆ. ತಂಗಿಯ ಬದಲಿಗೆ ಇಟ್ಟುಕೊಂಡ ಮರದ ಗೊಂಬೆಗೆ ಎಣ್ಣೆ ಹಚ್ಚಿ, ನನಗೆ ಹೊಲಿಸಿದ ಬಟ್ಟೆಯಲ್ಲೇ ಅದಕ್ಕೂ ಒಂದು ತುಂಡು ಉಡಿಸಿ, ಪಾದ್ರಿ ಬಂದಾಗ ಮಾತ್ರ ಅದರ ಮೇಲೆ ಟವೆಲ್ ಹೊದಿಸುತ್ತಿದ್ದವಳು ನೀನು. ನಿನ್ನ ಮಾತು ನನಗೆ ವಿಚಿತ್ರವೆನಿಸಲಿಲ್ಲ. ಮುಂದಿನ ಪ್ರಬಂಧದಿಂದ ತೈಯೆಲೋಲು ಎಂಬ ನಮ್ಮ ತೈಯೆಯ ಹೆಸರನ್ನೂ ಸೇರಿಸಿದೆ. ನಮ್ಮ ವಿಭಾಗದಲ್ಲಿ ಎಲ್ಲರೂ ಎಲ್ಲರ ಹೆಸರನ್ನೂ ಸೇರಿಸುತ್ತಾರೆ. ಮುಖ್ಯಸ್ಥರ ಹೆಂಡತಿ ಮಳೆಮಾಪಕವನ್ನು ಕಣ್ಣಿಂದ ನೋಡಿಲ್ಲ, ಆದರೂ ಮಳೆಯ ಬಗ್ಗೆ ಅವರ ಹೆಸರಿನಲ್ಲಿ ಹಲವು ಪ್ರಬಂಧಗಳಿವೆ. ಅವರ ನಡುವೆ, ನಡೆಯಲು ಕಲಿಯುವ ಮೊದಲೇ ಹೋದ ಒಂದು ಕೂಸು ಯಾರಿಗೆ ಭಾರವಾದೀತು?

ಕಳೆದ ತಿಂಗಳು ವಿಶ್ವವಿದ್ಯಾಲಯ ತನ್ನ ಸಂಶೋಧನೆಯೆಲ್ಲವನ್ನೂ ಒಂದು ಕಡೆ ಸೇರಿಸಿ ಎಣಿಸಿತು. ಎಣಿಕೆ ಮಾಡಿದ ಗ್ರಂಥಾಲಯದ ಒಲಾಜಿದೆ ಎಂಬಾತ ಕಾರಿಡಾರಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ. “ಮೇಡಂ, ಅಭಿನಂದನೆ! ಆದ್ರೆ ನಿಮ್ಮ ತಂಗಿ ನಿಮ್ಮನ್ನ ಹಿಂದೆ ಹಾಕಿಬಿಟ್ಟಿದ್ದಾರಲ್ಲ. ಮನೇಲಿ ಜಗಳ ಗ್ಯಾರಂಟಿ” ಎಂದು ನಕ್ಕ. ನಾನೂ ನಕ್ಕೆ. ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ನೋಡಿದೆ. ನಾನು ಬರೆಯದ ಪ್ರಬಂಧಗಳಿದ್ದವು, ತೈಯೆ ಒಬ್ಬಳ ಹೆಸರಿನಲ್ಲಿ.

ಯಾರೋ ಹೆಸರು ಕದ್ದಿದ್ದಾರೆ ಎಂದುಕೊಂಡು ಓದತೊಡಗಿದೆ. ಹಾಸ್ಟೆಲಿನ ಹಿಂದಿನ ಗುಡ್ಡದ ಮೇಲೆ ನಾನು ನಿಲ್ಲಿಸಿರುವ ಕಂಬ, ಮಳೆ ಬಿದ್ದಾಗ ರೇಡಿಯೋ ಸಂಕೇತ ಎಷ್ಟು ಕುಂದುತ್ತದೆ ಎಂಬ ನನ್ನದೇ ಪ್ರಶ್ನೆ. ವಾಕ್ಯಗಳು ನನ್ನವಂತೆಯೇ ಇದ್ದವು, ಆದರೆ ನನ್ನ ಹಿಂಜರಿಕೆ ಅವುಗಳಲ್ಲಿರಲಿಲ್ಲ. ಕೆಲವನ್ನು ಓದಿ ಹೊಟ್ಟೆಕಿಚ್ಚಾಯಿತು. ನಾನು ಬಡ್ತಿಗಾಗಿ ಸಲ್ಲಿಸಿದ ಪ್ರಬಂಧದ ಅಂಕಿಗಳೆಲ್ಲ ಅವಳದರಲ್ಲಿದ್ದವು. ನಾನು ಅಳೆದದ್ದು ಕಳೆದ ಮಳೆಗಾಲದಲ್ಲಿ. ಅವಳದು ಅಚ್ಚಾದದ್ದು ಆ ಮಳೆ ಬೀಳುವ ಮೊದಲು.

ಸೆಪ್ಟೆಂಬರಿನ ಒಂದು ಸಂಜೆ ಕಂಬಕ್ಕೆ ಸಿಡಿಲು ಬಡಿದು ಉಪಕರಣ ನಿಂತುಹೋಗಿತ್ತು. ನನ್ನ ಪಟ್ಟಿಯಲ್ಲಿ ಆ ಸಂಜೆ ಖಾಲಿ. ಅವಳದರಲ್ಲಿ ಆ ಸಂಜೆಯ ಅಂಕಿಯೂ ಇದೆ. ಅಕ್ಕಪಕ್ಕದ ದಿನಗಳ ಜೊತೆ ಇಟ್ಟು ನೋಡಿದೆ. ಸರಿಯಾಗಿ ಕೂರುತ್ತದೆ.

ನೀನು ಕತೆ ಹೇಳುತ್ತಿದ್ದೆಯಲ್ಲ, ಹಿರಿಯಳು ತಾಯಿಯ ಹೊಟ್ಟೆಯೊಳಗೇ ಉಳಿದು, ‘ಹೋಗಿ ಈ ಲೋಕದ ರುಚಿ ನೋಡಿ ಬಾ’ ಎಂದು ಕಿರಿಯಳನ್ನು ಮುಂದೆ ಕಳಿಸುತ್ತಾಳೆ ಎಂದು. ಅದಕ್ಕೇ ತೈಯೆ ಮೊದಲು ಹುಟ್ಟಿದರೂ ತಂಗಿ, ನಾನು ಅಕ್ಕ. ಅವಳು ಇನ್ನೂ ಆ ಕೆಲಸದಲ್ಲೇ ಇದ್ದಾಳೇನೋ ಎನಿಸಿತು. ಇಂಥ ಯೋಚನೆಯನ್ನು ಭೌತಶಾಸ್ತ್ರದ ಅಧ್ಯಾಪಕಿ ಯಾರ ಮುಂದೆಯೂ ಹೇಳುವಂತಿಲ್ಲ.

ನಿನ್ನೆ ಬಡ್ತಿ ಸಮಿತಿ ನನ್ನನ್ನು ಕರೆಸಿತ್ತು. ಅಧ್ಯಕ್ಷರು ಪ್ರೊಫೆಸರ್ ಫಗ್ಬೆಮಿ. ಅವರಿಗೆ ಬೇಕಾದದ್ದು ಯಾರದು ಮೊದಲು ಅಚ್ಚಾಯಿತು ಎಂಬುದಷ್ಟೇ. “ಇದು ತಂಗಿಯ ಕೆಲಸ. ನೀವು ನಕಲು ಮಾಡಿದ್ದೀರಿ. ಇಲ್ಲ ಅಂತೀರಾದ್ರೆ ಅವರು ಎಲ್ಲಿ?” ಎಂದು ಕೇಳಿದರು. ನನ್ನ ಬಾಯಿಗೆ ಬಂದದ್ದು, ಹೋದ ಕೂಸು ಎಲ್ಲಿ ಎಂದು ಕೇಳಿದವರಿಗೆ ಹೇಳಲು ನೀನು ಕಲಿಸಿದ ಉತ್ತರವೇ: “ಲೇಗೋಸ್‌ಗೆ ಹೋಗಿದ್ದಾಳೆ.”

ಯಾರೂ ತಲೆ ಎತ್ತಲಿಲ್ಲ. “ಅಮ್ಮಾ, ನಾವೂ ಇದೇ ನೆಲದವರು. ನಮ್ಮ ಮನೆಗಳಲ್ಲೂ ಅವಳಿಗಳು ಲೇಗೋಸ್‌ಗೆ ಹೋಗಿದ್ದಾರೆ” ಎಂದರು ಫಗ್ಬೆಮಿ, ಮೆಲ್ಲಗೆ. “ಇಲ್ಲಿ ಆ ಮಾತು ಸಾಲದು. ಇದ್ದಾರೋ, ಇಲ್ಲವೋ?”

ನಿನ್ನ ಮನೆಯಲ್ಲಿ ಯಾರೂ ಆಡದ ಪದವನ್ನು ನಾನು ಆಡಿದೆ. ಸತ್ತಿದ್ದಾಳೆ ಎಂದೆ. ಹೇಳಿದ ಮೇಲೆ ಹಗುರವಾಯಿತು.

ಫಗ್ಬೆಮಿ ಕನ್ನಡಕ ತೆಗೆದರು. “ನಾವೇನು ನಾಟಕ ನೋಡೋಕೆ ಕೂತಿದ್ದೀವಾ? ಗುರುವಾರ ನಿಮ್ಮ ತಂಗಿ ಬಂದಿದ್ದರು. ಇದೇ ಕುರ್ಚಿ. ನಿಮ್ಮ ಬಗ್ಗೆ ಇದೇ ಮಾತು ಹೇಳಿ ಹೋದರು.” ಪಕ್ಕದವರೊಬ್ಬರು, “ಬಟ್ಟೆಯೊಂದು ಮಾತ್ರ ಬೇರೆ” ಎಂದು ಗೊಣಗಿದರು. ನಾನೇ ಎರಡು ಸಲ ಬಂದೆ ಎಂದು ಅವರೆಲ್ಲ ನಂಬಿದಂತಿತ್ತು. ಗುರುವಾರ ನಾನು ಗುಡ್ಡದ ಮೇಲೆ ತಂತಿ ಬದಲಿಸುತ್ತಿದ್ದೆ. ಅಲ್ಲಿ ನನ್ನನ್ನು ನೋಡಿದವರು ಯಾರೂ ಇಲ್ಲ.

ಕೊನೆಗೆ ತೀರ್ಮಾನಿಸಿದರು. ಎಲ್ಲ ಪ್ರಬಂಧಗಳಿಂದಲೂ ಒಂದು ಹೆಸರನ್ನು ಅಳಿಸುತ್ತಾರೆ. ಯಾವುದನ್ನು ಎಂದು ಹೇಳಬೇಕಾದವಳು ಹೆತ್ತ ತಾಯಿ.

ಅಮ್ಮಾ, ತೊಟ್ಟಿಲಲ್ಲಿ ನಮ್ಮಿಬ್ಬರನ್ನು ಗುರುತಿಸುತ್ತಿದ್ದವಳು ನೀನೊಬ್ಬಳೇ. ಅಪ್ಪನಿಗೂ ಆಗುತ್ತಿರಲಿಲ್ಲ. ಜ್ವರದ ಆ ವಾರ ನೀನೂ ಮಲಗಿದ್ದೆ, ಮಣ್ಣು ಮಾಡಿದವರು ನೆರೆಯವರು ಎಂದು ದೊಡ್ಡಮ್ಮ ಒಮ್ಮೆ ಬಾಯಿತಪ್ಪಿ ಹೇಳಿದ್ದಳು. ಅದನ್ನು ನಾನು ನಿನ್ನಲ್ಲಿ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಒಂದು ಸಾಲು ಬರೆ, ಸಾಕು. ನನ್ನ ಹೆಸರು ಬರೆ.

ನಿನ್ನ ಮಗಳು,
ಕೆಹಿಂದೆ

ಮತ್ತೊಂದು ಮಾತು: ಲಕೋಟೆ ಅಂಟಿಸುವ ಮೊದಲು ಇದೊವುಗೆ ಫೋನ್ ಮಾಡಿ, ಬಸ್ಸಿನಲ್ಲಿ ಕಾಗದ ಕಳಿಸುತ್ತೇನೆ, ಡ್ರೈವರಿನಿಂದ ತೆಗೆದುಕೋ ಎಂದೆ. “ಮತ್ತೆ ಯಾಕಕ್ಕಾ? ನಿನ್ ಕಾಗದ ಶನಿವಾರನೇ ಬಂತಲ್ಲ. ಅಮ್ಮ ಉತ್ತರಾನೂ ಬರೆದ್ಲು, ನಾನೇ ಬಸ್ಸಿಗೆ ಕೊಟ್ಟು ಕಳಿಸ್ದೆ” ಎಂದ. ಯಾರ ಹೆಸರು ಬರೆದಳು ಎಂದು ಕೇಳಿದೆ. “ಇದೇನ್ ಪ್ರಶ್ನೆ, ನಿನ್ ಹೆಸ್ರೇ” ಎಂದು ನಕ್ಕ. ಅವನ ಹಿಂದೆ ಗಾಡಿಗಳ ಸದ್ದು ಜೋರಾಗಿತ್ತು. “ತೈಯೆ ಅಕ್ಕಾ, ಕೇಳಿಸ್ತಿದ್ಯಾ?” ಎಂದು ಕೂಗಿದ.

ನಾನು ಹೂಂ ಎಂದೆ.